ಎರಡು ಹೀಟ್‌ಗಳ ನಡುವಿನ ಸಂಗೀತ: ಸ್ಪೀಡ್‌ವೇ ನಡೆಸುವವರಿಗೂ ಹಳೆಯ ಕ್ಯಾಸೆಟ್ ಇಟ್ಟುಕೊಂಡಿರುವ ಕನ್ನಡಿಗರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಬ್ರಿಟನ್ನಿನಲ್ಲಿ ಮಣ್ಣಿನ ಹಾದಿಯ ಮೋಟಾರ್ ಬೈಕ್ ರೇಸಾದ ಸ್ಪೀಡ್‌ವೇಯ ಕ್ಲಬ್ಬುಗಳನ್ನು ನಡೆಸುತ್ತಿರುವವರಿಗೆ, ಮ್ಯಾಂಚೆಸ್ಟರ್ ಸೆಂಟ್ರಲ್ ಲೈಬ್ರರಿಯ ಪತ್ರಾಗಾರದವರಿಗೆ, ಬ್ರಿಟಿಷ್ ಲೈಬ್ರರಿಯ ಧ್ವನಿ ವಿಭಾಗದವರಿಗೆ, ಹಾಗೆಯೇ 1960ರಿಂದ 80ರವರೆಗಿನ ದಶಕಗಳಲ್ಲಿ ಇಂಗ್ಲೆಂಡಿನಲ್ಲಿದ್ದು ಊರಿಗೆ ಕ್ಯಾಸೆಟ್ ಕಳುಹಿಸುತ್ತಿದ್ದ ಕನ್ನಡಿಗ ಕುಟುಂಬಗಳಿಗೆ ಈ ಪತ್ರ. ಇಲ್ಲಿನ ಸಂಸ್ಥೆಗಳಿಗೆ ಇಂಗ್ಲಿಷ್ ಪ್ರತಿಯನ್ನು ಬೇರೆಯಾಗಿ ಕಳುಹಿಸುತ್ತಿದ್ದೇನೆ. ಕನ್ನಡದಲ್ಲಿಯೂ ಬರೆಯಲು ಕಾರಣವಿದೆ: ನಾನು ಹುಡುಕುತ್ತಿರುವುದರ ಒಂದು ಪಾಲು ಮ್ಯಾಂಚೆಸ್ಟರಿನಲ್ಲಿ ಇಲ್ಲ, ಶಿವಮೊಗ್ಗ, ಧಾರವಾಡ, ಮೈಸೂರಿನ ಮನೆಗಳ ಅಟ್ಟದ ಮೇಲಿದೆ ಎಂದು ನಾನು ನಂಬಿದ್ದೇನೆ.

ಹಳೆಯ ಸ್ಪೀಡ್‌ವೇ ಕೂಟಗಳಲ್ಲಿ ಲೌಡ್‌ಸ್ಪೀಕರಿನಿಂದ ಬರುತ್ತಿದ್ದ ಸಂಗೀತದ ದಾಖಲೆಯನ್ನು, ಸಿಗುವುದೆಲ್ಲವೂ ಹಾಳಾಗುವ ಮೊದಲು, ಒಂದೆಡೆ ಸೇರಿಸಬೇಕು. ನನ್ನ ಬೇಡಿಕೆ ಇಷ್ಟೇ. ಯಾವ ಹೀಟನ್ನು, ಎಂದರೆ ಪಂದ್ಯದೊಳಗಿನ ಯಾವ ಓಟವನ್ನು, ಯಾರು ಗೆದ್ದರು, ಎಷ್ಟು ಸೆಕೆಂಡಿನಲ್ಲಿ ಗೆದ್ದರು ಎಂಬುದು ದಶಕಗಳ ಹಿಂದಿನದಾದರೂ ದಶಮಾಂಶದವರೆಗೆ ಸಿಗುತ್ತದೆ. ಆ ಹೀಟಿಗೆ ಮುಂಚೆ ಯಾವ ರೆಕಾರ್ಡು ಹಾಕಿದ್ದರು ಎಂದು ಕೇಳಿದರೆ ಉತ್ತರ ಕೊಡುವ ಒಂದು ಕಾಗದವೂ ಇಲ್ಲ.

ಕರ್ನಾಟಕದ ಓದುಗರಿಗಾಗಿ ಈ ಆಟದ ಬಗ್ಗೆ ಒಂದೆರಡು ಮಾತು. ಮೊಟ್ಟೆಯಾಕಾರದ ಮಣ್ಣಿನ ಹಾದಿ, ನಾಲ್ವರು ಸವಾರರು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೆ. 500 ಸಿಸಿಯ ಒಂಟಿ ಸಿಲಿಂಡರಿನ ಬೈಕು. ಅದಕ್ಕೆ ಬ್ರೇಕೂ ಇಲ್ಲ, ಬದಲಿಸಲು ಗೇರೂ ಇಲ್ಲ. ಇಂಧನ ಮೆಥನಾಲ್. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಲು ಬಿಟ್ಟು, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಒರೆಸುತ್ತ, ಹ್ಯಾಂಡಲನ್ನು ಬಲಕ್ಕೆ ತಿರುಗಿಸಿಕೊಂಡೇ ಎಡಕ್ಕೆ ಸಾಗುತ್ತಾರೆ. ಗೆದ್ದವನಿಗೆ ಮೂರು ಅಂಕ, ಮುಂದಿನವನಿಗೆ ಎರಡು, ಅವನ ಹಿಂದಿನವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡಿನಲ್ಲಿ 1923ರಲ್ಲಿ ಜಾನಿ ಹಾಸ್ಕಿನ್ಸ್ ನಡೆಸಿದ ಕೂಟದಿಂದ ಇದರ ಕಥೆಯನ್ನು ಆರಂಭಿಸುವುದು ರೂಢಿ. 1928ರ ಫೆಬ್ರುವರಿ 19ರಂದು ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ದೊಡ್ಡ ಕೂಟ ನಡೆದ ಮೇಲೆ ಇಂಗ್ಲೆಂಡಿನ ಊರೂರಿಗೆ ಇದು ಹಬ್ಬಿತು. 1936ರಲ್ಲಿ ಮೊದಲ ವಿಶ್ವ ಫೈನಲ್ ವೆಂಬ್ಲಿಯಲ್ಲಿ ನಡೆಯಿತು. 1981ರಲ್ಲಿ ಅದೇ ವೆಂಬ್ಲಿಯಲ್ಲಿ ಕೊನೆಯ ಸಲ ನಡೆದ ಫೈನಲ್‌ಗೆ ಸುಮಾರು ತೊಂಬತ್ತು ಸಾವಿರ ಜನ ಸೇರಿದ್ದರು.

ಈಗ ಒಂದು ಲೆಕ್ಕ ಹಾಕಿ ನೋಡಿ. 70ರ ದಶಕದ ಲೀಗ್ ಪಂದ್ಯದಲ್ಲಿ 13 ಹೀಟ್‌ಗಳಿರುತ್ತಿದ್ದವು. ಒಂದೊಂದು ಹೀಟು ಒಂದೂಕಾಲು ನಿಮಿಷದೊಳಗೆ ಮುಗಿಯುತ್ತಿತ್ತು. ಇಡೀ ಪಂದ್ಯದಲ್ಲಿ ಬೈಕುಗಳು ಓಡುವ ಹೊತ್ತು ಒಟ್ಟು ಕಾಲು ಗಂಟೆಯ ಆಚೀಚೆ. ಆದರೆ ಜನ ಸಂಜೆ ಏಳಕ್ಕೂ ಮುಂಚೆ ಬಂದು ಮೆಟ್ಟಿಲ ಮೇಲೆ ನಿಂತವರು ಮನೆಗೆ ಹೊರಡುವಾಗ ಒಂಬತ್ತು ದಾಟಿರುತ್ತಿತ್ತು. ಉಳಿದ ಹೊತ್ತು ಏನಾಗುತ್ತಿತ್ತು? ಟ್ರ್ಯಾಕ್ಟರು ಮಣ್ಣನ್ನು ಸಮ ಮಾಡುತ್ತಿತ್ತು, ನೀರಿನ ಗಾಡಿ ಧೂಳು ಅಡಗಿಸುತ್ತಿತ್ತು, ಉದ್ಘೋಷಕ ಅಂಕ ಓದುತ್ತಿದ್ದ, ಜನ ಪುಸ್ತಿಕೆಯಲ್ಲಿ ಪೆನ್ನಿನಿಂದ ಅಂಕ ತುಂಬುತ್ತಿದ್ದರು. ಇವೆಲ್ಲ ನಡೆಯುವಾಗಲೂ ಸಂಗೀತ ಹರಿಯುತ್ತಲೇ ಇತ್ತು. ಹೊತ್ತಿನ ಲೆಕ್ಕ ಹಿಡಿದರೆ ಸ್ಪೀಡ್‌ವೇ ಕೂಟವೆಂಬುದು ನಡುನಡುವೆ ರೇಸು ನಡೆಯುವ ಒಂದು ಸಂಗೀತ ಕಛೇರಿ. ಈ ಮಾತನ್ನು ಆಟದ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ. ಆ ಸಂಗೀತವನ್ನು ಬರಿಯ ಹೊತ್ತು ಕಳೆಯುವ ಸಾಧನವೆಂದು ಎಣಿಸಿದ್ದರಿಂದಲೇ ಯಾರೂ ಅದನ್ನು ಬರೆದಿಡಲಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವುದು ಮ್ಯಾಂಚೆಸ್ಟರಿನ ಹೈಡ್ ರೋಡ್ ಮೈದಾನ. ಬೆಲ್ ವ್ಯೂ ಏಸಸ್ ತಂಡದ ಮನೆ ಅದು. ಬೆಲ್ ವ್ಯೂ ಎಂದರೆ 1836ರಲ್ಲಿ ಜಾನ್ ಜೆನಿಸನ್ ತೆರೆದ ಮೃಗಾಲಯ, ಅದರ ಸುತ್ತ ಬೆಳೆದ ಮನರಂಜನೆಯ ತಾಣ. 1853ರಲ್ಲೇ ಅಲ್ಲಿ ಬ್ರಾಸ್ ಬ್ಯಾಂಡುಗಳ ಸ್ಪರ್ಧೆ ಆರಂಭವಾಗಿತ್ತು. ಗಣಿಗಳ, ಗಿರಣಿಗಳ ಕೂಲಿಕಾರರೇ ಕೂಡಿ ಕಟ್ಟಿಕೊಂಡ ಬ್ಯಾಂಡುಗಳು ವರ್ಷಕ್ಕೊಮ್ಮೆ ಬಂದು ಅಲ್ಲಿ ನುಡಿಸಿ ಹೋಗುತ್ತಿದ್ದವು. ಹೈಡ್ ರೋಡ್ ಮೈದಾನದಲ್ಲಿ 1929ರಲ್ಲಿ ಸ್ಪೀಡ್‌ವೇ ಆರಂಭವಾದಾಗ ಅಲ್ಲಿಗೆ ಬಂದ ಜನರ ಕಿವಿಗೆ ಹಿತ್ತಾಳೆ ವಾದ್ಯಗಳ ಕವಾಯತು ಸಂಗೀತ ಮುಕ್ಕಾಲು ಶತಮಾನದಿಂದ ರೂಢಿಯಾಗಿತ್ತು. ಮೋಟಾರ್ ಬೈಕಿನ ಆಟಕ್ಕೆ ಸೈನ್ಯದ ಮಾರ್ಚ್ ಏಕೆ ಎಂದು ಈಗಿನವರು ಕೇಳುತ್ತಾರೆ. ಆ ಊರಿನ ಸಂಗೀತವೇ ಅದಾಗಿತ್ತು.

ನಾನು 70ರ ದಶಕದ ಆರಂಭದಲ್ಲಿ ಕಿರಿಯ ವೈದ್ಯನಾಗಿ ಆ ಊರಿಗೆ ಹೋದೆ. ಬೆಲ್ ವ್ಯೂ ತಂಡ 1970, 71, 72 ಮೂರೂ ವರ್ಷ ಸತತವಾಗಿ ಬ್ರಿಟಿಷ್ ಲೀಗ್ ಗೆದ್ದ ಕಾಲ ಅದು. ನ್ಯೂಜಿಲೆಂಡಿನ ಐವಾನ್ ಮೇಜರ್ ಆಗ ತಂಡದ ನಾಯಕ. ಮುಂದೆ ಅವರು ಗೆದ್ದ ವಿಶ್ವ ಚಾಂಪಿಯನ್ ಪಟ್ಟಗಳ ಸಂಖ್ಯೆ ಆರಕ್ಕೇರಿತು. ಆಸ್ಪತ್ರೆಯ ಪೋರ್ಟರೊಬ್ಬರು ಒಂದು ಶನಿವಾರ ಸಂಜೆ ನನ್ನನ್ನು ಕರೆದುಕೊಂಡು ಹೋದರು. ಬಸ್ಸಿನಿಂದ ಇಳಿದ ಕೂಡಲೇ ನನಗೆ ತಟ್ಟಿದ್ದು ವಾಸನೆ. ಮೆಥನಾಲ್ ಎಂಜಿನ್ನುಗಳಿಗೆ ಆಗ ಹಾಕುತ್ತಿದ್ದದ್ದು ಹರಳೆಣ್ಣೆಯಿಂದ ಮಾಡಿದ ತೈಲ. ಸುಟ್ಟ ಹರಳೆಣ್ಣೆಯ ಆ ವಾಸನೆ ಮಲೆನಾಡಿನಿಂದ ಬಂದ ನನಗೆ ಹೊಸದಾಗಿರಲಿಲ್ಲ. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಪರಿಚಯದ ವಾಸನೆಯೊಂದು ಮೂಗಿಗೆ ಬಿದ್ದಿತ್ತು. ಅದರ ಹಿಂದೆಯೇ ಹಾರ್ನ್ ಸ್ಪೀಕರುಗಳಿಂದ ಒಡೆದ ದನಿಯಲ್ಲಿ ಒಂದು ಮಾರ್ಚ್ ಕೇಳಿಸಿತು.

ಆ ಮಾರ್ಚ್ ಕೇಳಿದ ಕೂಡಲೇ ಜನರ ನಡಿಗೆ ಬಿರುಸಾಯಿತು. ನನಗೆ ಕಾರಣ ಹೇಳಿಕೊಡುವ ಅಗತ್ಯವಿರಲಿಲ್ಲ. ನಮ್ಮೂರ ಟೆಂಟ್ ಸಿನಿಮಾದ ಕಂಬಕ್ಕೆ ಕಟ್ಟಿದ್ದ ಸ್ಪೀಕರಿನಲ್ಲಿ ಗೊತ್ತಾದ ಭಕ್ತಿಗೀತೆ ಬಂತೆಂದರೆ ಇನ್ನು ಆಟ ಶುರು ಎಂದು ಕೈಗೆ ಸಿಕ್ಕ ಮಣೆ, ಚಾಪೆ ಹಿಡಿದು ಓಡಿದ ಹುಡುಗ ನಾನು. ಹೈಡ್ ರೋಡಿನ ಮಾರ್ಚ್ ಮಾಡುತ್ತಿದ್ದದ್ದೂ ಅದೇ ಕೆಲಸ. ಬಿಳಿ ಕೋಟಿನ ಸ್ಟಾರ್ಟ್ ಮಾರ್ಷಲ್ ಮುಂದೆ, ಹೆಗಲ ಮೇಲೆ ಮಣ್ಣು ಎಳೆಯುವ ರೇಕು ಇಟ್ಟುಕೊಂಡ ಮಣ್ಣಿನ ಕೆಲಸದವರು ಅವರ ಹಿಂದೆ, ಎಲ್ಲರೂ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತ ಮೈದಾನದ ನಡುವಿನ ಹುಲ್ಲಿಗೆ ಬರುತ್ತಿದ್ದರು. ವಾರವಿಡೀ ಕಾರ್ಖಾನೆಯಲ್ಲೋ ಅಂಚೆ ಕಚೇರಿಯಲ್ಲೋ ದುಡಿದು ಶನಿವಾರ ಸಂಜೆ ರೇಕು ಹಿಡಿಯುವ ಆ ಸಾಮಾನ್ಯ ಜನರಿಗೆ ಆ ಎರಡು ನಿಮಿಷ ಎಂಥ ಠೀವಿ ಬರುತ್ತಿತ್ತು! ಅವರ ಹಿಂದೆ ಸವಾರರ ಮೆರವಣಿಗೆ. ನ್ಯೂಜಿಲೆಂಡಿನವರು, ಸ್ವೀಡನ್ನಿನವರು, ಡೆನ್ಮಾರ್ಕಿನವರು, ಆಸ್ಟ್ರೇಲಿಯಾದವರು. ಎಲ್ಲಿಂದಲೋ ಬಂದವರ ಹೆಸರುಗಳನ್ನು ಆ ಊರ ಜನ ಬಾಯಿ ತುಂಬ ಕೂಗುತ್ತಿದ್ದರು. ಕಂದು ಬಣ್ಣದ ಹೊಸಬನಿಗೆ ಆ ದಿನಗಳ ಬೀದಿಗಳಲ್ಲಿ ಸಿಗದಿದ್ದ ನಿರಾಳ ಆ ಮೆಟ್ಟಿಲುಗಳ ಮೇಲೆ ನನಗೆ ಸಿಕ್ಕಿತು.

ಮೆರವಣಿಗೆ ಮುಗಿದರೆ ಮಾರ್ಚಿನ ಸರದಿಯೂ ಮುಗಿಯಿತು. ಅಲ್ಲಿಂದ ಮುಂದೆ ಏಳಿಂಚಿನ ಪ್ಲೇಟುಗಳು. ಇಲ್ಲಿ ಒಂದು ಒಳ್ಳೆಯ ಹೊಂದಾಣಿಕೆ ಇತ್ತು. ನಿಮಿಷಕ್ಕೆ 45 ಸುತ್ತಿನ ಆ ಪ್ಲೇಟಿನ ಒಂದು ಬದಿ ಮೂರು ನಿಮಿಷದ ಆಸುಪಾಸು. ಎರಡು ಹೀಟ್‌ಗಳ ನಡುವಿನ ಬಿಡುವಿನಲ್ಲಿ ಉದ್ಘೋಷಕನ ಮಾತನ್ನು ಕಳೆದರೆ ಉಳಿಯುತ್ತಿದ್ದದ್ದೂ ಸರಿಸುಮಾರು ಅಷ್ಟೇ. ಹಾಡು ಮುಗಿಯುವುದಕ್ಕೂ ಎರಡು ನಿಮಿಷದ ಎಚ್ಚರಿಕೆಯ ಗಂಟೆ ಮುಗಿದು ಸವಾರರು ಆರಂಭದ ಗೆರೆಗೆ ಅಡ್ಡ ಕಟ್ಟಿದ ಟೇಪಿನ ಬಳಿಗೆ ಬರುವುದಕ್ಕೂ ತಾಳೆಯಾಗುವಂತೆ ಪ್ಲೇಟು ಆರಿಸುವುದು ಒಂದು ಕಲೆ. ಉದ್ಘೋಷಕರ ಕೋಣೆಯಲ್ಲಿ ಟರ್ನ್‌ಟೇಬಲ್ ಮುಂದೆ ಕುಳಿತಿದ್ದವರು ಕಿಟಕಿಯಿಂದ ಟ್ರ್ಯಾಕ್ಟರನ್ನು ನೋಡಿಕೊಂಡೇ ಆ ಕೆಲಸ ಮಾಡುತ್ತಿದ್ದರು. ಟ್ರ್ಯಾಕ್ಟರು ಮೂರನೆಯ ತಿರುವಿನಲ್ಲಿದ್ದರೆ ಇನ್ನೊಂದು ಚಿಕ್ಕ ಪ್ಲೇಟಿಗೆ ಜಾಗವಿದೆ. ಗೇಟಿನ ಹತ್ತಿರ ಬಂದಿದ್ದರೆ ಇಲ್ಲ. ಸವಾರರು ಟೇಪಿಗೆ ಮೂತಿ ಹಚ್ಚುವಾಗ ಅವರು ದನಿಯನ್ನು ಮೆಲ್ಲಗೆ ಇಳಿಸುತ್ತ ಬರುತ್ತಿದ್ದರು, ಎಂಜಿನ್ನುಗಳ ಮೊರೆತ ಏರುತ್ತ ಹೋಗುತ್ತಿತ್ತು. ಹಾಡು ಎಲ್ಲಿ ನಿಂತಿತು, ಮೊರೆತ ಎಲ್ಲಿ ಹಿಡಿಯಿತು ಎಂಬ ಗೆರೆಯೇ ತಿಳಿಯುತ್ತಿರಲಿಲ್ಲ. ಟೇಪು ಹಾರಿತೆಂದರೆ ಮುಂದಿನ ಎಪ್ಪತ್ತು ಸೆಕೆಂಡು ಬೇರೇನೂ ಕೇಳಿಸದು.

ಆ ಪ್ಲೇಟುಗಳಿಗೆ ಅಷ್ಟು ಬೆಲೆ ಇದ್ದದ್ದಕ್ಕೆ ಇನ್ನೊಂದು ಹಿನ್ನೆಲೆಯಿದೆ. ಬಿಬಿಸಿ ರೇಡಿಯೊ ದಿನಕ್ಕೆ ಎಷ್ಟು ಗಂಟೆ ಧ್ವನಿಮುದ್ರಿಕೆಗಳನ್ನು ಹಾಕಬಹುದು ಎಂಬುದಕ್ಕೆ ರೆಕಾರ್ಡ್ ಕಂಪನಿಗಳ ಒಕ್ಕೂಟದೊಂದಿಗೆ ಆದ ಒಪ್ಪಂದದ ಮಿತಿ ಇತ್ತು. ಉಳಿದ ಹೊತ್ತಿಗೆ ಸ್ಟುಡಿಯೊ ವಾದ್ಯವೃಂದಗಳು ನುಡಿಸಬೇಕಿತ್ತು. 1964ರಲ್ಲಿ ಸಮುದ್ರದ ಮೇಲಿನ ಹಡಗಿನಿಂದ ರೇಡಿಯೊ ಕ್ಯಾರೊಲಿನ್ ಹಾಡು ಬಿತ್ತರಿಸಲು ತೊಡಗಿದ್ದು, 1967ರ ಸೆಪ್ಟೆಂಬರ್ 30ರಂದು ಬಿಬಿಸಿ ರೇಡಿಯೊ 1 ಆರಂಭವಾದದ್ದು ಈ ಹಸಿವಿನ ಫಲವಾಗಿಯೇ. ಆಕಾಶವಾಣಿ 1950ರ ದಶಕದಲ್ಲಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ರೇಡಿಯೊ ಸಿಲೋನಿಗೆ ಕಿವಿ ಹಚ್ಚಿದ ನಮ್ಮ ತಲೆಮಾರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಹಾಡೊಂದನ್ನು ಅದರ ಮೂಲ ರೆಕಾರ್ಡಿನಿಂದಲೇ, ಜೋರಾಗಿ, ಸಾವಿರಾರು ಜನರ ನಡುವೆ ನಿಂತು ಕೇಳುವ ಅವಕಾಶ ಮ್ಯಾಂಚೆಸ್ಟರಿನ ಕಾರ್ಮಿಕರ ಮಕ್ಕಳಿಗೆ ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಸ್ಪೀಡ್‌ವೇ ಮೈದಾನವೂ ಒಂದು. ಕರ್ನಾಟಕ ಸಂಗೀತ, ಸಿನಿಮಾ ಹಾಡುಗಳ ಹೊರತು ಬೇರೇನೂ ತಿಳಿಯದೆ ಬಂದ ನಾನು ಇಂಗ್ಲಿಷ್ ಹಾಡುಗಳನ್ನು ಕಲಿತದ್ದು ಅಲ್ಲಿಯೇ. ಉದ್ಘೋಷಕನ ಲ್ಯಾಂಕಷೈರ್ ಉಚ್ಚಾರಣೆ ನನಗೆ ಹಿಡಿತಕ್ಕೆ ಸಿಗಲು ತಡವಾಯಿತು, ಹಾಡುಗಳು ಮೊದಲು ಸಿಕ್ಕವು.

ವೈದ್ಯನಾಗಿ ನಾನು ಹೆಚ್ಚು ಗಮನಿಸಿದ್ದು ಸಂಗೀತ ನಿಲ್ಲುತ್ತಿದ್ದ ಹೊತ್ತನ್ನು. ಸವಾರ ಬಿದ್ದರೆ ಕೆಂಪು ದೀಪ ಹತ್ತುತ್ತಿತ್ತು, ಎಂಜಿನ್ನುಗಳು ಒಂದೊಂದಾಗಿ ಆರುತ್ತಿದ್ದವು. ಸ್ಪೀಕರಿನಿಂದ ಏನೂ ಬರುತ್ತಿರಲಿಲ್ಲ. ಸೇಂಟ್ ಜಾನ್ ಆಂಬುಲೆನ್ಸ್ ಸ್ವಯಂಸೇವಕರು ಓಡುವುದು, ಮೈದಾನದ ವೈದ್ಯರು ಮೊಣಕಾಲೂರಿ ಕೂರುವುದು ದೂರದಿಂದ ಕಾಣುತ್ತಿತ್ತು, ಆದರೆ ಏನಾಗಿದೆ ಎಂದು ತಿಳಿಯುತ್ತಿರಲಿಲ್ಲ. ಟರ್ನ್‌ಟೇಬಲ್ ಮುಂದೆ ಇದ್ದವರು ಆಗ ಪ್ಲೇಟು ಹಾಕಲು ಅವಸರ ಪಡುತ್ತಿರಲಿಲ್ಲ. ಬಿದ್ದವನು ತಾನಾಗಿ ಎದ್ದು ಕೈ ಬೀಸಿದರೆ ಅರೆಕ್ಷಣದಲ್ಲಿ ಹಾಡು ಬರುತ್ತಿತ್ತು, ಚಪ್ಪಾಳೆ ಅದರೊಳಗೆ ಸೇರಿಹೋಗುತ್ತಿತ್ತು. ಸ್ಟ್ರೆಚರ್ ಬಂದರೆ ಅದು ಗೇಟು ದಾಟುವವರೆಗೆ ಮೌನ. ಅದಾದ ಮೇಲೆ ಸಾಹಿತ್ಯವಿಲ್ಲದ, ಬರಿಯ ವಾದ್ಯದ ಪ್ಲೇಟು, ಕೆಳದನಿಯಲ್ಲಿ. ಯಾವ ನಿಯಮ ಪುಸ್ತಕದಲ್ಲೂ ಇದನ್ನು ಬರೆದಿರಲಿಕ್ಕಿಲ್ಲ. ಇಪ್ಪತ್ತು ಸಾವಿರ ಜನರ ಆತಂಕವನ್ನು ಒಬ್ಬ ಮನುಷ್ಯ ತನ್ನ ವಿವೇಕದಿಂದ ನಿಭಾಯಿಸುತ್ತಿದ್ದ ರೀತಿ ಅದು. ತುರ್ತು ಚಿಕಿತ್ಸಾ ವಿಭಾಗದ ಹೊರಗೆ ಕಾಯುತ್ತಿದ್ದ ಕುಟುಂಬಗಳೊಂದಿಗೆ ಮಾತನಾಡುವುದನ್ನು ಆಗಷ್ಟೇ ಕಲಿಯುತ್ತಿದ್ದ ನನಗೆ ಆ ಸಂಯಮ ಬಹಳ ದೊಡ್ಡದಾಗಿ ಕಂಡಿತು. ಈಗಲೂ ಹಾಗೆಯೇ ಕಾಣುತ್ತದೆ.

ಹೈಡ್ ರೋಡ್ ಈಗಿಲ್ಲ. ಮೃಗಾಲಯ 1977ರಲ್ಲೇ ಮುಚ್ಚಿತ್ತು. ಸ್ಪೀಡ್‌ವೇಯ ಕೊನೆಯ ಕೂಟ 1987ರ ನವೆಂಬರ್ 1ರಂದು ನಡೆಯಿತು. ಜಾಗ ಕಾರು ಹರಾಜಿನ ಕಂಪನಿಯ ಪಾಲಾಯಿತು. ಹ್ಯಾಲಿಫ್ಯಾಕ್ಸಿನ ಶೇ ಮೈದಾನದಲ್ಲಿ 1985ಕ್ಕೆ, ಕ್ರೇಡ್ಲಿ ಹೀತ್‌ನಲ್ಲಿ 1995ಕ್ಕೆ, ಎಕ್ಸೆಟರಿನ ಕೌಂಟಿ ಗ್ರೌಂಡಿನಲ್ಲಿ 2005ಕ್ಕೆ ಬಾಗಿಲು ಬಿತ್ತು. ವಿಂಬಲ್ಡನ್ನಿನ ಪ್ಲೌ ಲೇನ್‌ನ ಹಳೆಯ ಕ್ರೀಡಾಂಗಣವನ್ನು ಕೆಡವಿ ಫುಟ್‌ಬಾಲ್ ಮೈದಾನ ಕಟ್ಟಿದ್ದಾರೆ. ಕೊವೆಂಟ್ರಿಯ ಬ್ರ್ಯಾಂಡನ್‌ನಲ್ಲಿ 2016ರ ನಂತರ ರೇಸು ನಡೆದಿಲ್ಲ. 2023ರಲ್ಲಿ ಪೀಟರ್‌ಬರೋ, ವುಲ್ವರ್‌ಹ್ಯಾಂಪ್ಟನ್ ಎರಡೂ ನಿಂತವು. ಮುಚ್ಚಿದ ಪ್ರತಿಯೊಂದು ಮೈದಾನದ ಉದ್ಘೋಷಕರ ಕೋಣೆಯಲ್ಲೂ ಪ್ಲೇಟುಗಳ ಪೆಟ್ಟಿಗೆಗಳಿದ್ದವು. ಅವುಗಳ ಲಕೋಟೆಗಳ ಮೇಲೆ ಯಾವುದನ್ನು ಮೆರವಣಿಗೆಗೆ, ಯಾವುದನ್ನು ಮಳೆ ಬಂದಾಗ, ಯಾವುದನ್ನು ಜನ ಹೊರಡುವಾಗ ಹಾಕಬೇಕೆಂದು ಬರೆದ ಕೈಬರಹ ಇದ್ದೀತು. ಆ ಪೆಟ್ಟಿಗೆಗಳು ಎಲ್ಲಿ ಹೋದವು? ಕ್ಲಬ್ಬುಗಳ ಆಡಳಿತದವರೇ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ನಿಮ್ಮ ಗೋದಾಮಿನಲ್ಲಿದ್ದರೆ ಒಂದೊಂದು ಲಕೋಟೆಯ ಎರಡೂ ಬದಿಯ ಚಿತ್ರ ತೆಗೆಯಿಸಿ. ಹಾಡು ಎಲ್ಲಿಯಾದರೂ ಸಿಗುತ್ತದೆ, ಆ ಕೈಬರಹ ಮತ್ತೆಲ್ಲೂ ಸಿಗುವುದಿಲ್ಲ.

ದೂರದರ್ಶನದ ದಾಖಲೆ ಇದೆಯಲ್ಲ ಎಂದು ಕೆಲವರು ನನಗೆ ಹೇಳಿದ್ದಾರೆ. ಇದೆ, ನಿಜ. 1965ರಿಂದ 1985ರವರೆಗೆ ಬ್ರಿಟನ್ನಿನ ಐಟಿವಿ ವಾಹಿನಿಯ ಶನಿವಾರದ ಕ್ರೀಡಾ ಕಾರ್ಯಕ್ರಮದಲ್ಲಿ ಸ್ಪೀಡ್‌ವೇ ಆಗಾಗ ಬರುತ್ತಿತ್ತು. ಡೇವ್ ಲ್ಯಾನಿಂಗ್ ಅವರ ವೀಕ್ಷಕ ವಿವರಣೆಯನ್ನು ಮೆಚ್ಚದವರಿಲ್ಲ. ಆದರೆ ದೂರದರ್ಶನದವರು ಹೀಟ್‌ಗಳನ್ನು ಇಟ್ಟುಕೊಂಡು ನಡುವಿನ ಬಿಡುವನ್ನು ಕತ್ತರಿಸುತ್ತಿದ್ದರು. ಸಂಗೀತ ಇದ್ದದ್ದೇ ಆ ಬಿಡುವಿನಲ್ಲಿ! ಅಲ್ಲೊಂದು ಇಲ್ಲೊಂದು ತುಣುಕು ಉಳಿದಿದ್ದರೂ ಅದರ ಮೇಲೆ ಮಾತು ಕೂತಿದೆ.

ಹಾಗಾದರೆ ಎಲ್ಲಿ ಉಳಿದಿದೆ? ಜನರ ಕ್ಯಾಸೆಟ್ಟುಗಳಲ್ಲಿ. ಇಲ್ಲಿಂದ ಮುಂದಿನದು ಮುಖ್ಯವಾಗಿ ಕನ್ನಡಿಗರಿಗೆ.

ಆ ಕಾಲದಲ್ಲಿ ಊರಿಗೆ ಫೋನ್ ಮಾಡುವುದೆಂದರೆ ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕೂರಬೇಕಿತ್ತು, ಅದಕ್ಕೆ ತೆರುವ ಹಣವೂ ಹೆಚ್ಚು. ಹಾಗಾಗಿ ಬಹಳ ಮನೆಗಳವರು ಕ್ಯಾಸೆಟ್ಟಿನಲ್ಲಿ ಮಾತನಾಡಿ ಅಂಚೆಗೆ ಹಾಕುತ್ತಿದ್ದೆವು. ಮನೆಯೊಳಗಿನ ಮಾತು ಮುಗಿದರೆ ರೆಕಾರ್ಡರನ್ನು ಹೊರಗೂ ಒಯ್ಯುತ್ತಿದ್ದೆವು: ಪೇಟೆ, ಉದ್ಯಾನ, ರೈಲು ನಿಲ್ದಾಣ, ಮಕ್ಕಳ ಶಾಲೆಯ ಕಾರ್ಯಕ್ರಮ. ಇಂಗ್ಲೆಂಡ್ ಹೇಗೆ ಕೇಳಿಸುತ್ತದೆ ಎಂದು ಊರಿನವರಿಗೆ ತಿಳಿಯಲಿ ಎಂಬ ಆಸೆ. ನಾನೂ ಹಾಗೆ ಹೈಡ್ ರೋಡಿಗೆ ಒಯ್ದಿದ್ದೆ. ಶಿವಮೊಗ್ಗದಲ್ಲಿ ಅಣ್ಣನ ಮನೆ ಖಾಲಿ ಮಾಡುವಾಗ ಅಮ್ಮನ ಟ್ರಂಕಿನಲ್ಲಿ ಆ ಕ್ಯಾಸೆಟ್ ಸಿಕ್ಕಿತು. ಸಿ-60, ಬಿಳಿ ಚೀಟಿಯ ಮೇಲೆ ನನ್ನ ಹೆಂಡತಿಯ ಅಕ್ಷರ: "ಅತ್ತೆಗೆ". ಟೇಪಿನ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು, ಒಳಗಿನ ಒತ್ತುಪಟ್ಟಿಯ ಸ್ಪಂಜು ಉದುರಿಹೋಗಿತ್ತು. ಇಲ್ಲಿನ ತಂತ್ರಜ್ಞರೊಬ್ಬರು ಟೇಪನ್ನು ಬಿಡಿಸಿ, ಒಣಗಿಸಿ, ಬೇರೆ ಗೂಡಿಗೆ ಹಾಕಿ ನುಡಿಸಿದರು.

ಮೊದಲು ಹೆಂಡತಿಯ ಮಾತು. ಇಲ್ಲಿ ಜೂನ್ ತಿಂಗಳಲ್ಲೂ ಸ್ವೆಟರ್ ಬೇಕು ಅತ್ತೆ, ನೀವು ಕಳಿಸಿದ ಮೆಣಸಿನಪುಡಿ ಮುಗಿಯುತ್ತ ಬಂತು ಎಂದು ಹೇಳುತ್ತಿದ್ದಾಳೆ. ಅವಳ ಹಿಂದೆ ಮಾರ್ಚ್ ಶುರುವಾಗುತ್ತದೆ. ಹಾರ್ನ್ ಸ್ಪೀಕರುಗಳು ಮೈದಾನದ ಸುತ್ತ ಬೇರೆ ಬೇರೆ ದೂರದಲ್ಲಿದ್ದುದರಿಂದ ಒಂದೇ ಸ್ವರ ಎರಡೆರಡು ಸಲ ಬಂದು ತಗಲುತ್ತದೆ. ನೆನಪಿನಿಂದ ಪೂರ್ತಿ ಅಳಿಸಿಹೋಗಿದ್ದ ಆ ಮಾರ್ದನಿ ಕೇಳಿಸಿದೊಡನೆ ನಾನು ಎಲ್ಲಿ ನಿಂತಿದ್ದೆ ಎಂಬುದೇ ಗೊತ್ತಾಗಿಬಿಟ್ಟಿತು: ಎರಡನೆಯ ತಿರುವಿನ ಮೇಲಿನ ಮೆಟ್ಟಿಲು. ಎಂಜಿನ್ನುಗಳು ಎದ್ದಾಗ ಅವಳು "ಇರಿ" ಎಂದು ಮಾತು ನಿಲ್ಲಿಸುತ್ತಾಳೆ. ಹೀಟು ಮುಗಿದ ಮೇಲೆ ಉದ್ಘೋಷಕ ಹೊತ್ತು, ಅಂಕ ಹೇಳುತ್ತಾನೆ. ಅದಾದ ಮೇಲೆ ಒಂದು ಹಾಡು, ನಡುವಿನಿಂದ. ಹಿಂದಿನ ಬಿಡುವಿನಲ್ಲಿ ಅರ್ಧಕ್ಕೆ ನಿಂತಿದ್ದ ಪ್ಲೇಟಿನ ಮೇಲೆ ಮುಳ್ಳನ್ನು ಅಲ್ಲಿಯೇ ಇಳಿಸಿದ್ದಾರೆ. ಹಾಡನ್ನು ಪೂರ್ತಿ ಮಾಡಿಯೇ ಮುಂದಿನದಕ್ಕೆ ಹೋಗುವ ಆ ಅಚ್ಚುಕಟ್ಟು ನನಗೆ ಆಗ ತಿಳಿದೇ ಇರಲಿಲ್ಲ. ಒಂದು ಬದಿಯ ಅರ್ಧ ಗಂಟೆಯಲ್ಲಿ ಒಂದು ಕೂಟದ ಸಂಗೀತದ ಕ್ರಮ ಇಷ್ಟು ಸ್ಪಷ್ಟವಾಗಿ ಸಿಗುತ್ತದೆ.

ಒಂದು ತೊಂದರೆಯೂ ಇತ್ತು. ಮುದ್ರಿಸುವಾಗ ರೆಕಾರ್ಡರಿನ ಬ್ಯಾಟರಿ ಕುಗ್ಗಿದ್ದರಿಂದ ಟೇಪು ನಿಧಾನವಾಗಿ ಓಡಿದೆ. ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಎಲ್ಲವೂ ಅವಸರದಲ್ಲಿ, ಏರಿದ ಶ್ರುತಿಯಲ್ಲಿ ಕೇಳಿಸುತ್ತದೆ. ತಂತ್ರಜ್ಞರು ಇದನ್ನು ಸರಿಪಡಿಸಿದ್ದು ಆ ಹಾಡಿನ ಸಹಾಯದಿಂದಲೇ. ಅದೇ ಹಾಡಿನ ಏಳಿಂಚಿನ ಪ್ಲೇಟು ಈಗಲೂ ಸಿಗುತ್ತದೆ. ಅದರ ಶ್ರುತಿಗೆ ಕ್ಯಾಸೆಟ್ಟಿನ ಶ್ರುತಿಯನ್ನು ಹೊಂದಿಸಿದರೆ ವೇಗ ಎಷ್ಟು ತಪ್ಪಿತ್ತು ಎಂದು ಲೆಕ್ಕ ಸಿಕ್ಕಿಬಿಡುತ್ತದೆ. ಹಾಡು ಸರಿಹೋದಂತೆ ಎಂಜಿನ್ನುಗಳ ಮೊರೆತವೂ ಸರಿಹೋಯಿತು, ನನ್ನ ಹೆಂಡತಿಯ ದನಿಯೂ ಅವಳದೇ ಆಯಿತು. ಅವಳು ಈಗಿಲ್ಲ. ಅವಳ ಆ ವಯಸ್ಸಿನ ದನಿಯನ್ನು ನನಗೆ ಮರಳಿ ಕೊಟ್ಟದ್ದು ಯಾವನೋ ಒಬ್ಬ ಉದ್ಘೋಷಕರ ಕೋಣೆಯಲ್ಲಿ ಕುಳಿತು ಆ ಶನಿವಾರ ಆರಿಸಿದ ಒಂದು ಪ್ಲೇಟು. ಹಿನ್ನೆಲೆಯ ಸಂಗೀತಕ್ಕೆ ಏನು ಬೆಲೆ ಎಂದು ಕೇಳುವವರಿಗೆ ನನ್ನಲ್ಲಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ಪತ್ರಾಗಾರಗಳ ಮಾನ್ಯರಿಗೆ ಈಗ ಕೆಲವು ಮಾತು. ಕಾಂತಪಟ್ಟಿಯ ಮೇಲಿನ ಧ್ವನಿಗಳನ್ನು ಉಳಿಸಲು ಸುಮಾರು 15 ವರ್ಷಗಳ ಕಾಲಾವಕಾಶವಷ್ಟೇ ಇದೆ ಎಂದು 2015ರಲ್ಲಿ ಎಚ್ಚರಿಸಿದ್ದು ಬ್ರಿಟಿಷ್ ಲೈಬ್ರರಿಯೇ. ಟೇಪು ಹಾಳಾಗುವುದರ ಜೊತೆಗೆ ಅದನ್ನು ನುಡಿಸುವ ಯಂತ್ರಗಳೂ ಅವುಗಳ ಬಿಡಿಭಾಗಗಳೂ ಇಲ್ಲವಾಗುತ್ತಿವೆ. ಲಾಟರಿ ಹೆರಿಟೇಜ್ ಫಂಡಿನ ನೆರವಿನಿಂದ 2017ರಿಂದ 2022ರವರೆಗೆ ನಡೆದ ಧ್ವನಿ ಸಂರಕ್ಷಣಾ ಯೋಜನೆಯಲ್ಲಿ ಮ್ಯಾಂಚೆಸ್ಟರ್ ಸೆಂಟ್ರಲ್ ಲೈಬ್ರರಿಯೂ ಒಂದು ಕೇಂದ್ರವಾಗಿತ್ತು. ಆ ಅನುಭವ ನಿಮ್ಮಲ್ಲಿದೆ. ಸ್ಪೀಡ್‌ವೇ ಅಭಿಮಾನಿಗಳೂ ತಮ್ಮ ನೆಚ್ಚಿನ ಕೂಟಗಳನ್ನು ಮೆಟ್ಟಿಲ ಮೇಲೆ ನಿಂತು ಮುದ್ರಿಸಿಕೊಳ್ಳುತ್ತಿದ್ದರು, ನನ್ನ ಪಕ್ಕದಲ್ಲೇ ಅಂಥವರು ನಿಲ್ಲುತ್ತಿದ್ದರು. ಅವರೆಲ್ಲರಿಗೂ ಈಗ ಎಪ್ಪತ್ತು ಎಂಬತ್ತರ ವಯಸ್ಸು. ಅವರ ಮಕ್ಕಳು ಮನೆ ಖಾಲಿ ಮಾಡುವ ದಿನ ಆ ಕ್ಯಾಸೆಟ್ಟುಗಳು ಕಸದ ತೊಟ್ಟಿಗೆ ಹೋಗುತ್ತವೆ. ಹಿನ್ನೆಲೆಯಲ್ಲಿರುವ ಹಾಡುಗಳಿಗೆ ಹಕ್ಕುಸ್ವಾಮ್ಯ ಇದೆ, ನಿಜ. ಆ ಕಾರಣಕ್ಕೆ ಟೇಪನ್ನೇ ಬೇಡವೆನ್ನಬೇಡಿ. ಧ್ವನಿಯನ್ನು ಓದುಕೋಣೆಯಲ್ಲಿ ಕುಳಿತು ಕೇಳುವಂತೆ ಇಡಿ. ಯಾವ ಕೂಟ, ಯಾವ ಹೀಟಿನ ಮುಂಚೆ ಯಾವ ಹಾಡು ಎಂಬ ಪಟ್ಟಿಯನ್ನು ಎಲ್ಲರಿಗೂ ತೆರೆದಿಡಿ. ಪಟ್ಟಿ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಹಳೆಯ ಉದ್ಘೋಷಕರು, ಪ್ಲೇಟು ಹಾಕುತ್ತಿದ್ದವರು ಇನ್ನೂ ಕೆಲವರಾದರೂ ಇದ್ದಾರೆ. ಅವರ ಮಾತನ್ನು ಈ ವರ್ಷವೇ ಮುದ್ರಿಸಿಕೊಳ್ಳಿ.

ಕ್ಲಬ್ಬುಗಳಿಗೆ ಇನ್ನೊಂದು ಕೋರಿಕೆಯಿದೆ. ಮ್ಯಾಂಚೆಸ್ಟರಿನಲ್ಲಿ 2016ರಲ್ಲಿ ಹೊಸ ರಾಷ್ಟ್ರೀಯ ಸ್ಪೀಡ್‌ವೇ ಕ್ರೀಡಾಂಗಣ ಬಂತು, 2022ರಲ್ಲಿ ಬೆಲ್ ವ್ಯೂ ಮತ್ತೆ ಲೀಗ್ ಗೆದ್ದಿತು, ಅದೇ ವರ್ಷ ಆಕ್ಸ್‌ಫರ್ಡಿನಲ್ಲಿ ಮುಚ್ಚಿದ್ದ ಮೈದಾನ ಮತ್ತೆ ತೆರೆಯಿತು. ಇವೆಲ್ಲ ನನಗೆ ಅಪಾರ ಸಂತೋಷ ಕೊಟ್ಟಿವೆ. ಆದರೆ ಈಗ ಹಾಡುಗಳನ್ನು ಹತ್ತು ಸೆಕೆಂಡಿನ ಚೂರುಗಳಾಗಿ ಕತ್ತರಿಸಿ ಎಸೆಯುತ್ತಾರೆ. ಒಂದು ಚೂರಿಗೂ ಮುಂದಿನ ಚೂರಿಗೂ ಸಂಬಂಧವಿಲ್ಲ. ಕೇಳುವವನಿಗೆ ಹಾಡಿನೊಳಗೆ ಇಳಿಯಲು ಹೊತ್ತಿಲ್ಲ. ಮಕ್ಕಳಿಗೆ ಈಗಿನ ಹಾಡುಗಳೇ ಬೇಕು, ಅದು ನ್ಯಾಯ. ನಾನು ಕೇಳುತ್ತಿರುವುದು ಹಳೆಯ ಹಾಡುಗಳನ್ನಲ್ಲ, ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸುವ ಪದ್ಧತಿಯನ್ನು. ಎಂಜಿನ್ನುಗಳು ಟೇಪಿಗೆ ಬರುವಾಗ ದನಿಯನ್ನು ಇಳಿಸುವ ಕೈ ಬೇಕು. ಸವಾರ ಬಿದ್ದಾಗ ಸುಮ್ಮನಿರುವ ವಿವೇಕ ಬೇಕು. ವರ್ಷಕ್ಕೆ ಒಂದು ಕೂಟದಲ್ಲಾದರೂ ರೇಕು ಹಿಡಿದ ಕೆಲಸದವರು ಮಾರ್ಚಿಗೆ ಹೆಜ್ಜೆ ಹಾಕಿ ಬರಲಿ. ಊರಿನ ಬ್ರಾಸ್ ಬ್ಯಾಂಡೊಂದನ್ನು ಕರೆದು ನೇರವಾಗಿ ನುಡಿಸಿದರೆ ಇನ್ನೂ ಒಳ್ಳೆಯದು. ಬೆಲ್ ವ್ಯೂ ಹೆಸರಿಗೆ ಅದು ಸಲ್ಲುತ್ತದೆ.

ಕನ್ನಡಿಗ ಕುಟುಂಬದವರೇ, ಇಂಗ್ಲೆಂಡಿನಿಂದ ಚಿಕ್ಕಪ್ಪನೋ ಅತ್ತೆಯೋ ಅಜ್ಜನೋ ಕಳುಹಿಸಿದ ಕ್ಯಾಸೆಟ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಈ ವಾರ ಹುಡುಕಿ. ಸಿಕ್ಕಿದ ಕೂಡಲೇ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಬೂಷ್ಟು ಹಿಡಿದ ಟೇಪು ಯಂತ್ರದ ಹೆಡ್ಡನ್ನೂ ಕೆಡಿಸುತ್ತದೆ, ತಾನೂ ಹರಿಯುತ್ತದೆ. ಪೆನ್ಸಿಲ್ ತೂರಿಸಿ ತಿರುಗಿಸಲೂ ಹೋಗಬೇಡಿ. ಅಂಟಿಕೊಂಡ ಸುತ್ತುಗಳು ಎಳೆದಾಗ ಮೇಲಿನ ಲೇಪವೇ ಕಿತ್ತುಬರುತ್ತದೆ. ಬಿಸಿಲಿಗೆ ಒಣಗಿಸಬೇಡಿ. ಹಿಂಬದಿಯ ಎರಡು ಪುಟ್ಟ ಚೌಕಗಳು ಇನ್ನೂ ಮುರಿಯದಿದ್ದರೆ ಮುರಿದುಬಿಡಿ, ಅದರ ಮೇಲೆ ಮತ್ತೆ ಯಾರೂ ಮುದ್ರಿಸಲಾರರು. ಚೀಟಿಯ ಮೇಲಿನ ಬರಹದ ಫೋಟೊ ತೆಗೆಯಿರಿ, ಕಳುಹಿಸಿದವರ ಊರು, ಅಂದಾಜು ವರ್ಷ ಬರೆದಿಡಿ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಟ್ಟು, ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಬಲ್ಲವರ ಕೈಗೆ ಕೊಡಿ. ಎಂಪಿ3 ಸಾಲದು, ವೇವ್ ಕಡತವಾಗಿ ಉಳಿಸಿಕೊಡಲು ಕೇಳಿ. ಹಿನ್ನೆಲೆಯ ಸದ್ದನ್ನು ಅಳಿಸಿ ಮಾತನ್ನು ಮಾತ್ರ ಚೊಕ್ಕ ಮಾಡಿಕೊಡುತ್ತೇನೆ ಎಂದು ಅವರು ಹೇಳಿದರೆ ಒಪ್ಪಬೇಡಿ. ಕೇಳುವಾಗ ಮಾತಿನ ಹಿಂದೆ ಜನಜಂಗುಳಿ, ಕವಾಯತು ಸಂಗೀತ, ಅದರ ಬೆನ್ನಿಗೆ ನಾಲ್ಕು ಎಂಜಿನ್ನುಗಳು ಬಂದರೆ, ಆ ಕಡತದ ಒಂದು ಪ್ರತಿಯನ್ನು ಮ್ಯಾಂಚೆಸ್ಟರ್ ಸೆಂಟ್ರಲ್ ಲೈಬ್ರರಿಯ ಪತ್ರಾಗಾರಕ್ಕೆ ಕಳುಹಿಸಿ. ಅಲ್ಲಿರುವ ಕನ್ನಡ ಮಾತನ್ನು ಇಂಗ್ಲಿಷಿಗೆ ಇಳಿಸಿ, ಹಾಡುಗಳನ್ನು ಗುರುತಿಸಿ ಪಟ್ಟಿ ಮಾಡಿಕೊಡುವ ಕೆಲಸವನ್ನು ನಾನು ಮಾಡುತ್ತೇನೆಂದು ಅವರಿಗೆ ಬರೆದು ತಿಳಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮ್ಯಾಂಚೆಸ್ಟರಿನ ಒಬ್ಬ ನಿವೃತ್ತ ವೈದ್ಯ